ಸ್ವಿಚ್ ಟ್ರ್ಯಾಪ್ ಕಳಿಸ್ತೈತೆ, ಲಾಗ್ ಸರ್ವರ್‌ನಲ್ಲಿ ಮಾತ್ರ ಏನೂ ಇಲ್ಲ – ಮಂಡ್ಯ ಕಡೆಯ ಕಾರ್ಖಾನೆ

ಆಲೆಮನೆ_ಅಡ್ಮಿನ್ · ಶುಕ್ರವಾರ ಬೆಳಿಗ್ಗೆ 11:20

ಎಲ್ರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಲಿ ನೆಟ್‌ವರ್ಕ್ ನೋಡ್ಕೊತೀನಿ. ನಾನೊಬ್ನೇ. 14 ಸ್ವಿಚ್ಚು (ಕಂಪ್ಯೂಟರುಗಳನ್ನ ಜೋಡಿಸೋ ನೆಟ್‌ವರ್ಕ್ ಪೆಟ್ಟಿಗೆ), ಒಂದು ಫೈರ್‌ವಾಲ್, ಎರಡು ಯುಪಿಎಸ್.

ನಿನ್ನೆ ರಾತ್ರಿ 2:40ಕ್ಕೆ ತೂಕದ ಮನೆ ಗುಮಾಸ್ತರ ಫೋನು. "ಕಂಪ್ಯೂಟ್ರಲ್ಲಿ ಸರ್ವರ್ ಸಿಗ್ತಿಲ್ಲ ಅಂತೈತೆ, ಗೇಟಿಂದ ರಸ್ತೆಗಂಟ ಟ್ರಾಕ್ಟರು ನಿಂತವೆ, ಬತ್ತೀರೋ ಹೆಂಗೆ?" ಹೋಗಿ ನೋಡಿದ್ರೆ ಅಲ್ಲಿನ ಸ್ವಿಚ್ಚಿಗೆ ಕರೆಂಟೇ ಇಲ್ಲ. ಗೋಡೆ ಸಾಕೆಟ್ಟು ಸುಟ್ಟು ಕರ್‍ರಗಾಗಿತ್ತು. ಪಕ್ಕದ ಸಾಕೆಟ್ಟಿಗೆ ಹಾಕಿ ಎದ್ದು ಬರೋ ಹೊತ್ಗೆ ಮೂರೂಕಾಲು. ಟ್ರೇಲರ್ ಪಕ್ಕ ನಿಂತಿದ್ದ ಒಬ್ಬ ರೈತ್ರು ಬೀಡಿ ಆರಿಸಿ, "ಸ್ವಾಮಿ, ಕಡ್ದ ಕಬ್ಬು ನಿಂತಷ್ಟೂ ತೂಕ ಇಳೀತದೆ, ಅದ ಯಾರ್ ಕಟ್ಕೊಡ್ತಾರೆ?" ಅಂದ್ರು. ಉತ್ರ ಇರ್ಲಿಲ್ಲ.

ನನ್ನ ಸಂಕಟ ಇದು. ಲಾಗ್ ನೋಡೋಕೆ ಅಂತ ಉಬುಂಟು ಮೇಲೆ ಗ್ರೇಲಾಗ್ ಹಾಕಿದ್ದೀನಿ. ಎಲ್ಲಾ ಸ್ವಿಚ್ಚಿಗೂ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನ ನೋಡ್ಕೊಳ್ಳೋ ಭಾಷೆ) ಟ್ರ್ಯಾಪ್, ಅಂದ್ರೆ ಏನಾರ ಆದಾಗ ತಾನಾಗೇ ಕೂಗೋ ಸಂದೇಶ, ಆ ಸರ್ವರಿಗೆ ಕಳಿಸು ಅಂತ ಹೇಳಿದ್ದೀನಿ. ಸರ್ವರಲ್ಲಿ ಎಸ್‌ಎನ್‌ಎಂಪಿಟ್ರ್ಯಾಪ್‌ಡಿ (ಟ್ರ್ಯಾಪ್ ಹಿಡಿಯೋ ಪ್ರೋಗ್ರಾಂ) ಓಡ್ತೈತೆ, ಅದು ಒಂದು ಫೈಲಿಗೆ ಬರೀತದೆ, ಫೈಲ್‌ಬೀಟ್ ಅದನ್ನ ಓದಿ 5044ನೇ ಪೋರ್ಟಿಗೆ ಗ್ರೇಲಾಗಿಗೆ ಕೊಡ್ತದೆ. ಸರ್ವರ್ ಮೇಲೇ ಕೂತು ಪರೀಕ್ಷೆ ಟ್ರ್ಯಾಪ್ ಕಳಿಸಿದ್ರೆ ಬತ್ತದೆ. ಸ್ವಿಚ್ಚಿಂದ ಒಂದೂ ಬರಲ್ಲ. ಮೂರು ತಿಂಗಳಿಂದ ಫೈಲು ಖಾಲಿ, ನಾನು "ಏನೂ ತೊಂದ್ರೆ ಇಲ್ಲ" ಅಂತ ಖುಷಿಯಾಗಿದ್ದೆ ನೋಡಿ.

ಮದ್ದೂರ್‌ವಡೆ · ಬೆಳಿಗ್ಗೆ 11:41

ಫೈರ್‌ವಾಲ್‌ನಲ್ಲಿ 161 ಓಪನ್ ಮಾಡಿ ಗುರು, ಎಸ್‌ಎನ್‌ಎಂಪಿ ಅಂದ್ರೆ 161. ಅಷ್ಟೇ.

ಹಳೇರೂಟರ್ · ಮಧ್ಯಾಹ್ನ 12:05

ವಡೆಯವರೇ, ಅರ್ಧ ಸರಿ. ನಾವು ಸ್ವಿಚ್ಚನ್ನ ಕೇಳೋಕೆ ಹೋಗೋದು ಸ್ವಿಚ್ಚಿನ ಯುಡಿಪಿ (ಸಂದೇಶ ಸಾಗಿಸೋ ಒಂದು ವಿಧಾನ) ಪೋರ್ಟ್ 161ಕ್ಕೆ. ಸ್ವಿಚ್ಚು ತಾನಾಗೇ ಕೂಗಿ ಹೇಳೋದು, ಅಂದ್ರೆ ಟ್ರ್ಯಾಪ್, ನಮ್ಮ ಸರ್ವರಿನ ಯುಡಿಪಿ 162ಕ್ಕೆ. 161 ತೆಗೆದ್ರೆ ಇವರಿಗೆ ಏನೂ ಉಪಯೋಗ ಇಲ್ಲ.

ಅಡ್ಮಿನ್ ಅವರೇ, ಊಹೆ ಬೇಡ, ತಂತಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಸರ್ವರಲ್ಲಿ ಟಿಸಿಪಿಡಂಪ್ (ಬರೋ ಪ್ಯಾಕೆಟ್ ತೋರಿಸೋ ಪ್ರೋಗ್ರಾಂ) ಹಾಕಿ 162ನೇ ಪೋರ್ಟ್ ಮಾತ್ರ ನೋಡಿ. ಇನ್ನೊಂದು ಕಡೆ ಯಾವುದಾದ್ರೂ ಸ್ವಿಚ್ಚಿನ ಖಾಲಿ ಪೋರ್ಟಿಗೆ ಒಂದು ಲ್ಯಾಪ್‌ಟಾಪ್ ಚುಚ್ಚಿ ತೆಗೀರಿ. ಏನ್ ಕಾಣುತ್ತೋ ಇಲ್ಲಿ ಹಾಕಿ.

ಆಲೆಮನೆ_ಅಡ್ಮಿನ್ · ಮಧ್ಯಾಹ್ನ 1:10

ಊಟಕ್ಕೆ ಮುಂಚೆ ಮಾಡ್ದೆ ಸಾರ್. ಬತ್ತಾ ಐತೆ! ಅಲ್ಲಿ ಕಂಡ ಸಾಲು ಕನ್ನಡದಲ್ಲೇ ಬರೀತೀನಿ:

10.20.4.11 ಇಂದ 10.20.1.5ರ 162ಕ್ಕೆ, ಸಿ="ಬೆಲ್ಲ2019", ವಿ2ಟ್ರ್ಯಾಪ್, 1.3.6.1.6.3.1.1.5.3

ಕೊನೇಲಿರೋ 5.3 ಅಂದ್ರೆ ಲಿಂಕ್ ಬಿತ್ತು ಅಂತ. ಆಮೇಲೆ ತೆಗೆದು ಹಾಕಿದಾಗ ಕೊನೇಲಿ 5.4, ಅಂದ್ರೆ ಎದ್ತು ಅಂತ ಬಂತು. ಆದ್ರೆ ಟ್ರ್ಯಾಪ್‌ಡಿ ಫೈಲು ಖಾಲೀನೇ.

ಲ್ಯಾಬ್‌ಮೇಡಂ · ಮಧ್ಯಾಹ್ನ 1:22

ಮೊದಲು ಆ ಸಾಲಿನಲ್ಲಿ ಸಿ ಅಂತ ಇರೋದನ್ನ ಬದಲಾಯಿಸಿ. ಅದು ನಿಮ್ಮ ಕಮ್ಯುನಿಟಿ ಸ್ಟ್ರಿಂಗು, ಪಾಸ್‌ವರ್ಡ್ ಥರದ್ದು. ಕಾರ್ಖಾನೆಯ ಗುಟ್ಟನ್ನ ಊರಿಗೆಲ್ಲ ಓದಿ ಹೇಳಿದ್ದೀರ! ಎಸ್‌ಎನ್‌ಎಂಪಿ ವರ್ಷನ್ 1ರಲ್ಲೂ 2ಸಿಯಲ್ಲೂ ಅದು ತಂತಿ ಮೇಲೆ ಬೆತ್ತಲೆಯಾಗೇ ಓಡಾಡುತ್ತೆ.

ಆದ್ರೆ ಅದೇ ನಿಮಗೆ ಸುಳಿವೂ ಹೌದು. ಕಮ್ಯುನಿಟಿ ಹೆಸರು ಪಬ್ಲಿಕ್ ಅಂತಿದ್ರೆ ಟಿಸಿಪಿಡಂಪ್ ಅದನ್ನ ತೋರಿಸೋದೇ ಇಲ್ಲ, ಬೇರೆ ಇದ್ರೆ ಮಾತ್ರ ತೋರಿಸುತ್ತೆ. ನಿಮ್ಮ ಟ್ರ್ಯಾಪ್‌ಡಿ ಕಾನ್ಫಿಗ್‌ನಲ್ಲಿ ಆತ್‌ಕಮ್ಯುನಿಟಿ ಸಾಲಿನಲ್ಲಿ ಏನಿದೆ ನೋಡಿ. ಪಬ್ಲಿಕ್ ಅಂತ ಇರುತ್ತೆ ಅಂತ ನನ್ನ ಪಣ. ಪರೀಕ್ಷೆ ಟ್ರ್ಯಾಪನ್ನೂ ಪಬ್ಲಿಕ್ ಅಂತಲೇ ಕಳಿಸಿರ್ತೀರ, ಅದಕ್ಕೇ ಅದು ಒಳಗೆ ಬಂತು.

ಹಳೇರೂಟರ್ · ಮಧ್ಯಾಹ್ನ 1:30

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಟಿಸಿಪಿಡಂಪ್ ಪ್ಯಾಕೆಟ್ ನೋಡೋದು ಸರ್ವರಿನ ಫೈರ್‌ವಾಲ್ ಅದನ್ನ ತಡೆಯೋಕೆ ಮುಂಚೆ. ಅಲ್ಲಿ ಕಂಡಿತು ಅಂದ್ರೆ ಬೀದಿ ಬಾಗಿಲಿಗೆ ಬಂತು ಅಂತ ಅರ್ಥ, ನಡುಮನೆಗೆ ಬಂತು ಅಂತಲ್ಲ. ಯುಎಫ್‌ಡಬ್ಲ್ಯು (ಉಬುಂಟುವಿನ ಫೈರ್‌ವಾಲ್) ಚಾಲೂ ಇದೆಯಾ? ಸರ್ವರ್ ಮೇಲೇ ಕೂತು ಕಳಿಸಿದ ಪರೀಕ್ಷೆ ಲೂಪ್‌ಬ್ಯಾಕ್‌ನಲ್ಲಿ (ಸರ್ವರ್ ಒಳಗೊಳಗೇ) ಹೋಗುತ್ತೆ, ಅದನ್ನ ಫೈರ್‌ವಾಲ್ ಮುಟ್ಟಲ್ಲ. ಆ ಪರೀಕ್ಷೆ ನಂಬಬೇಡಿ.

ಆಲೆಮನೆ_ಅಡ್ಮಿನ್ · ಮಧ್ಯಾಹ್ನ 2:15

ಎರಡೂ! ಯುಎಫ್‌ಡಬ್ಲ್ಯು ಚಾಲೂ ಐತೆ, 22, 9000, 1514 ಮಾತ್ರ ಬಿಟ್ಟಿದ್ದೆ. ಕಮ್ಯುನಿಟಿ ಸಾಲು ಎಲ್ಲಿಂದಲೋ ನಕಲು ಹೊಡ್ದಿದ್ದು, ಪಬ್ಲಿಕ್ ಅಂತಲೇ ಇತ್ತು. 162 ಯುಡಿಪಿನ 10.20 ಸಾಲಿನ ವಿಳಾಸಕ್ಕೆ ಮಾತ್ರ ಬಿಟ್ಟೆ, ಹೊಸ ಕಮ್ಯುನಿಟಿ ಇಟ್ಟೆ (ಈ ಸಲ ಹೇಳಲ್ಲ), 13 ಸ್ವಿಚ್ಚಿಗೂ ಬದಲಾಯಿಸ್ದೆ. ಫೈಲು ತುಂಬ್ತಾ ಐತೆ. 14ನೇದು ಫೈಬರ್ ಹಾಲ್‌ನ ಹೊಸ ಸ್ವಿಚ್ಚು, ಅದು ವರ್ಷನ್ 3, ಅದರದ್ದಿನ್ನೂ ಬರ್ತಿಲ್ಲ.

ಮದ್ದೂರ್‌ವಡೆ · ಮಧ್ಯಾಹ್ನ 2:31

ಡಿಸೇಬಲ್‌ಆಥರೈಸೇಷನ್ ಯೆಸ್ (ಅನುಮತಿ ನೋಡಬೇಡ) ಅಂತ ಒಂದು ಸಾಲು ಹಾಕಿದ್ರೆ ಇಷ್ಟೆಲ್ಲ ಬೇಕಿರ್ಲಿಲ್ಲ ಅಲ್ವಾ?

ಲ್ಯಾಬ್‌ಮೇಡಂ · ಮಧ್ಯಾಹ್ನ 2:44

ಹಾಕಬಹುದು. ಬೀಗ ಕೆಟ್ಟಿದೆ ಅಂತ ಬಾಗಿಲನ್ನೇ ಕಿತ್ತಿಡೋದೂ ಉಂಟು. ನೆಟ್-ಎಸ್‌ಎನ್‌ಎಂಪಿ (ಟ್ರ್ಯಾಪ್‌ಡಿ ಇರೋ ಪ್ಯಾಕೇಜು) 5.3ರಿಂದ ಈಚೆಗೆ ಅನುಮತಿ ಸಾಲು ಇಲ್ಲದೆ ಟ್ರ್ಯಾಪ್‌ಡಿ ಯಾವುದನ್ನೂ ಒಪ್ಪಲ್ಲ. ಶುರುವಾದಾಗ ಒಂದು ಎಚ್ಚರಿಕೆ ಬರೆದು ಸುಮ್ಮನಾಗುತ್ತೆ. ಐದು ನಿಮಿಷದ ಪತ್ತೆ ಕೆಲಸಕ್ಕೆ ಆ ಸಾಲು ಹಾಕಿ ತೆಗೆದ್ರೆ ತಪ್ಪಿಲ್ಲ. ಬಿಟ್ಟು ಮನೆಗೆ ಹೋಗಬಾರದು, ಯಾರು ಬೇಕಾದ್ರೂ ಸುಳ್ಳು ಟ್ರ್ಯಾಪ್ ತುಂಬಬಹುದು.

ವರ್ಷನ್ 3ರದ್ದು ನಮ್ಮ ಕಾಲೇಜು ಲ್ಯಾಬಿನಲ್ಲಿ ನಾನು ಎರಡು ದಿನ ತಲೆ ಚಚ್ಚಿಕೊಂಡ ವಿಷಯ, ಸ್ವಲ್ಪ ಉದ್ದ ಬರೀತೀನಿ.

ವರ್ಷನ್ 3ರಲ್ಲಿ ಪಾಸ್‌ವರ್ಡ್ ಹಾಗೇ ಬಳಕೆಯಾಗಲ್ಲ. ಪಾಸ್‌ವರ್ಡನ್ನ ಒಂದು ಎಂಜಿನ್ ಐಡಿ (ಸಾಧನದ ಗುರುತಿನ ಸಂಖ್ಯೆ) ಜೊತೆ ಅರೆದು ಕೀ ಮಾಡ್ತಾರೆ. ಯಾರ ಎಂಜಿನ್ ಐಡಿ ಅನ್ನೋದೇ ಪ್ರಶ್ನೆ. ನಾವು ಸ್ವಿಚ್ಚನ್ನ ಕೇಳುವಾಗ ಸ್ವಿಚ್ಚಿನದು. ಟ್ರ್ಯಾಪ್ ಬರುವಾಗಲೂ ಕಳಿಸುವವನದೇ, ಅಂದ್ರೆ ಸ್ವಿಚ್ಚಿನದು. ಇನ್‌ಫಾರ್ಮ್ (ಮುಟ್ಟಿತು ಅಂತ ಉತ್ತರ ಕೇಳೋ ಸಂದೇಶ) ಆದ್ರೆ ಮಾತ್ರ ತೆಗೆದುಕೊಳ್ಳುವವನದು. ಹಾಗಾಗಿ ಟ್ರ್ಯಾಪ್‌ಗೆ ಪ್ರತಿ ಸ್ವಿಚ್ಚಿನ ಎಂಜಿನ್ ಐಡಿಯನ್ನೂ ಸರ್ವರಿಗೆ ಮೊದಲೇ ಹೇಳಿರಬೇಕು. ಹೆಸರು, ಪಾಸ್‌ವರ್ಡ್ ಎರಡೂ ಸರಿ ಇದ್ದು ಎಂಜಿನ್ ಐಡಿ ಇಲ್ಲ ಅಂದ್ರೆ ಟ್ರ್ಯಾಪ್‌ಡಿ ತುಟಿ ಪಿಟಕ್ಕೆನ್ನದೆ ಬಿಸಾಡುತ್ತೆ.

ಸ್ವಿಚ್ಚಿನಲ್ಲಿ ಶೋ ಎಸ್‌ಎನ್‌ಎಂಪಿ ಎಂಜಿನ್‌ಐಡಿ ಹೊಡೆದ್ರೆ ಸಿಗುತ್ತೆ. ಸಿಸ್ಕೋ ಆದ್ರೆ ಸಾಮಾನ್ಯವಾಗಿ 8000000903 ಅಂತ ಶುರುವಾಗಿ ಮುಂದೆ ಅದರದೇ ಮ್ಯಾಕ್ ವಿಳಾಸ (ಯಂತ್ರದ ಹುಟ್ಟು ವಿಳಾಸ) ಇರುತ್ತೆ. 9 ಅನ್ನೋದು ಸಿಸ್ಕೋಗೆ ಕೊಟ್ಟ ಸಂಖ್ಯೆ, 03 ಅಂದ್ರೆ ಮುಂದೆ ಬರೋದು ಮ್ಯಾಕ್ ಅಂತ. ಸ್ವಿಚ್ಚಿನ ಹತ್ತಿರ ಹೋಗೋಕೆ ಆಗಲ್ಲ ಅಂದ್ರೆ ಬಂದ ಪ್ಯಾಕೆಟ್ಟನ್ನೇ ವೈರ್‌ಶಾರ್ಕ್‌ನಲ್ಲಿ (ಪ್ಯಾಕೆಟ್ ಬಿಚ್ಚಿ ತೋರಿಸೋ ಪ್ರೋಗ್ರಾಂ) ತೆಗೀರಿ. ಒಳಗಿನ ಮಾತು ಗುಪ್ತವಾಗಿದ್ರೂ ಎಂಜಿನ್ ಐಡಿ ಮಾತ್ರ ಬಯಲಲ್ಲೇ ಇರುತ್ತೆ.

ಆಮೇಲೆ ಟ್ರ್ಯಾಪ್‌ಡಿಯನ್ನ ನಿಲ್ಲಿಸಿ. ಇದು ಮುಖ್ಯ. ವಾರ್ ಲಿಬ್ ಎಸ್‌ಎನ್‌ಎಂಪಿ ಫೋಲ್ಡರ್ ಕೆಳಗೆ ಅದರದೇ ಇನ್ನೊಂದು ಕಾನ್ಫಿಗ್ ಫೈಲಿದೆ, ಅದರಲ್ಲಿ ಕ್ರಿಯೇಟ್‌ಯೂಸರ್ ಸಾಲಿಗೆ ಮೈನಸ್ ಇ ಹಾಕಿ, 0ಎಕ್ಸ್ ಸೇರಿಸಿ ಎಂಜಿನ್ ಐಡಿ, ಹೆಸರು, ಶಾ (ಗುರುತು ಪರೀಕ್ಷೆಯ) ಪಾಸ್‌ವರ್ಡ್, ಎಇಎಸ್ (ಗುಪ್ತವಾಗಿಸೋ) ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ 8 ಅಕ್ಷರಕ್ಕಿಂತ ಕಡಿಮೆ ಇರಕೂಡದು. ಮುಖ್ಯ ಕಾನ್ಫಿಗ್‌ನಲ್ಲಿ ಆತ್‌ಯೂಸರ್ ಲಾಗ್ ಅಂತ ಅದೇ ಹೆಸರು. ಶುರು ಮಾಡಿ. ಆಮೇಲೆ ತೆಗೆದು ನೋಡಿದ್ರೆ ನೀವು ಬರೆದ ಸಾಲು ಮಾಯವಾಗಿ, ಅರೆದ ಕೀ ಇರೋ ಬೇರೆ ಸಾಲು ಕೂತಿರುತ್ತೆ. ಗಾಬರಿ ಬೇಡ, ಅದು ಹಾಗೇ. ಓಡ್ತಿರುವಾಗ ಆ ಫೈಲ್ ತಿದ್ದಿದ್ರೆ, ನಿಲ್ಲಿಸಿದ ಕ್ಷಣ ನಿಮ್ಮ ತಿದ್ದುಪಡಿಯ ಮೇಲೆ ಅದು ತನ್ನದನ್ನ ಬರೆದುಬಿಡುತ್ತೆ. ನನ್ನ ಎರಡು ದಿನ ಹೋಗಿದ್ದು ಇಲ್ಲೇ.

ನಾಳೆ ಸ್ವಿಚ್ ಸುಟ್ಟು ಬೇರೆ ತಂದು ಹಾಕಿದ್ರೆ ಮ್ಯಾಕ್ ಬೇರೆ, ಎಂಜಿನ್ ಐಡಿ ಬೇರೆ, ಮತ್ತೆ ಮೌನ. ಸ್ವಿಚ್ ಬದಲಾಯಿಸೋ ಪಟ್ಟಿಯಲ್ಲಿ ಇದೂ ಒಂದು ಕೆಲಸ ಅಂತ ಬರೆದಿಟ್ಕೊಳ್ಳಿ.

ಹೆಬ್ಬಾಳ್_ನೈಟ್‌ಶಿಫ್ಟ್ · ಸಂಜೆ 6:50

ಮೇಡಂ, ಇದನ್ನ ಪ್ರಿಂಟ್ ತೆಗೆದು ನಮ್ಮ ಸರ್ವರ್ ರೂಮ್ ಬಾಗಿಲಿಗೆ ಅಂಟಿಸಿದೆ. ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ನಂದು.

ಒಂದು ಪ್ರಶ್ನೆ. ಸಿಸ್‌ಲಾಗ್ (ಸ್ವಿಚ್ಚು ವಾಕ್ಯವಾಗಿ ಕಳಿಸೋ ಲಾಗ್) ಹೇಗೂ ಬರ್ತಿದ್ಯಲ್ಲ, ಲಿಂಕ್ ಬಿದ್ರೆ ಅದರಲ್ಲೂ ಬರುತ್ತೆ. ಟ್ರ್ಯಾಪ್ ಯಾಕೆ ಬೇಕು? ನಮ್ಮಲ್ಲಿ ಸಿಸ್‌ಲಾಗ್ ಒಂದೇ ಇಟ್ಕೊಂಡಿದ್ದೀವಿ.

ಹಳೇರೂಟರ್ · ಸಂಜೆ 7:15

ಸ್ವಿಚ್ಚಿಗೆ ಮಾತ್ರ ಆದ್ರೆ ಸಿಸ್‌ಲಾಗ್ ಸಾಕು ಅಂತ ವಾದ ಮಾಡಬಹುದು, ನಾನೂ ಮಾಡಿದ್ದೀನಿ. ಆದ್ರೆ ಯುಪಿಎಸ್‌ನ ನೆಟ್‌ವರ್ಕ್ ಕಾರ್ಡು, ಎಸಿ ಕಂಟ್ರೋಲರ್, ಹಳೇ ರೆಕ್ಟಿಫೈಯರ್, ಇವಕ್ಕೆ ಎಷ್ಟೋ ಸಲ ಟ್ರ್ಯಾಪ್ ಬಿಟ್ರೆ ಬೇರೆ ಬಾಯೇ ಇರಲ್ಲ. ಯುಪಿಎಸ್ ಬ್ಯಾಟರಿಗೆ ಹೋಯ್ತು ಅನ್ನೋದು ನಮ್ಮ ಕಡೆ ಲಿಂಕ್ ಬಿದ್ದದ್ದಕ್ಕಿಂತ ದೊಡ್ಡ ಸುದ್ದಿ. ಸಾರ್ವತ್ರಿಕ ಯುಪಿಎಸ್ ಮಿಬ್ (ಯಾವ ಅಂಕಿಗೆ ಏನರ್ಥ ಅನ್ನೋ ಪಟ್ಟಿ) ಪಾಲಿಸೋ ಕಾರ್ಡಾದ್ರೆ ಆ ಟ್ರ್ಯಾಪ್ 1.3.6.1.2.1.33.2.1. ಇನ್ನೊಂದು, ಸಿಸ್‌ಲಾಗ್ ವಾಕ್ಯ ಒಂದೊಂದು ಕಂಪನಿಯದು ಒಂದೊಂದು ಥರ. ಲಿಂಕ್ ಬಿದ್ದ ಟ್ರ್ಯಾಪ್ ಮಾತ್ರ ಯಾವ ಕಂಪನಿ ಆದ್ರೂ ಕೊನೇಲಿ 5.3, ಎದ್ದದ್ದು 5.4. ಅದರ ಮೇಲೆ ನಿಯಮ ಬರೆಯೋದು ಸುಲಭ.

ಆಲೆಮನೆ_ಅಡ್ಮಿನ್ · ರಾತ್ರಿ 9:30

ಮೇಡಂ, 14ನೇದೂ ಬಂತು! ಟ್ರ್ಯಾಪ್‌ಡಿ ನಿಲ್ಲಿಸಿ ಬರೆದಿದ್ದೇ ಕೆಲಸ ಮಾಡ್ತು. ನಿಮಗೊಂದು ಅಚ್ಚು ಬೆಲ್ಲ ಬಾಕಿ.

ಈಗ ಹೊಸ ರಗಳೆ. ಫೈಲಲ್ಲಿ ಐತೆ, ಗ್ರೇಲಾಗಲ್ಲಿ ಕಾಣಲ್ಲ. "ಕಳೆದ 5 ನಿಮಿಷ" ಅಂತ ಹುಡುಕಿದ್ರೆ ಸೊನ್ನೆ. ಇನ್‌ಪುಟ್ ಮೇಲೆ ಮಾತ್ರ ಲೆಕ್ಕ ಏರ್ತಾ ಐತೆ.

ಹೆಬ್ಬಾಳ್_ನೈಟ್‌ಶಿಫ್ಟ್ · ರಾತ್ರಿ 9:48

ಇದು ನನಗೆ ಗೊತ್ತು! ಟೈಮ್‌ನ ಸಾಲಿನಿಂದ ಕಿತ್ತು ಹಾಕೋ ಪೈಪ್‌ಲೈನ್ ನಿಯಮ ಬರೆದಿದ್ದೀರಾ? ಅದರಲ್ಲಿ ಟೈಮ್‌ಝೋನ್ ಕೊಟ್ಟಿಲ್ಲ ಅಂದ್ರೆ ಅದು ಯುಟಿಸಿ (ಜಾಗತಿಕ ಸಮಯ) ಅಂತ ಹಿಡ್ಕೊಳ್ಳುತ್ತೆ. ನಮ್ಮದು ಐದೂವರೆ ಗಂಟೆ ಮುಂದೆ. ರಾತ್ರಿ 9:30ರ ಟ್ರ್ಯಾಪು ಬೆಳಗಿನ ಜಾವ 3:00ಕ್ಕೆ ಆಗೋದು ಅಂತ ಕೂತಿರುತ್ತೆ. ಇನ್ನೂ ಆಗದೇ ಇರೋದು "ಕಳೆದ 5 ನಿಮಿಷ"ದಲ್ಲಿ ಹೇಗೆ ಸಿಗುತ್ತೆ? ಪಾರ್ಸ್‌ಡೇಟ್‌ನಲ್ಲಿ ಏಷ್ಯಾ/ಕೋಲ್ಕತಾ ಅಂತ ಸೇರಿಸಿ. ಸ್ವಿಚ್ಚುಗಳಿಗೆ ಎನ್‌ಟಿಪಿನೂ (ಗಡಿಯಾರ ಸರಿಮಾಡೋ ಸೇವೆ) ಕೊಡಿ, ನಮ್ಮ ಒಂದು ಹಳೇ ಸಿಸ್ಕೋ ಗಡಿಯಾರ ಇಲ್ಲದೆ 1993ರ ಮಾರ್ಚ್ 1ರಲ್ಲೇ ಬದುಕ್ತಾ ಇತ್ತು.

ಆಲೆಮನೆ_ಅಡ್ಮಿನ್ · ರಾತ್ರಿ 10:05

ನಾಳೆದನ್ನ ಇವತ್ತೇ ಹೇಳೋ ಸರ್ವರ್ ಇಟ್ಕೊಂಡಿದ್ದೆ ಅಂತಾಯ್ತು. ಸರಿಹೋಯ್ತು ಅಣ್ಣ.

ಎಲ್ಲಾ ಅಂಕಿ ಅಂಕಿ ಅಂಕಿ ಐತಲ್ಲ, ಅದನ್ನ ಹೆಸರು ಮಾಡೋದು ಹೆಂಗೆ?

ಲ್ಯಾಬ್‌ಮೇಡಂ · ರಾತ್ರಿ 10:20

ಉಬುಂಟುನಲ್ಲಿ ಲೈಸೆನ್ಸ್ ತಕರಾರಿನಿಂದ ಮಿಬ್ ಫೈಲುಗಳು ಜೊತೆಗೆ ಬರಲ್ಲ. ಎಸ್‌ಎನ್‌ಎಂಪಿ-ಮಿಬ್ಸ್-ಡೌನ್‌ಲೋಡರ್ ಪ್ಯಾಕೇಜ್ ಹಾಕಿ, ಎಸ್‌ಎನ್‌ಎಂಪಿ ಕಾನ್ಫಿಗ್‌ನಲ್ಲಿ ಮಿಬ್ಸ್ ಅಂತ ಇರೋ ಸಾಲಿನ ಮುಂದೆ ಒಂದು ಹ್ಯಾಶ್ ಇಡಿ. ಆದ್ರೆ ಫೈಲಿಗೆ ಅಂಕಿಯಲ್ಲೇ ಬರೆಸೋದು ನನಗಿಷ್ಟ. ನಿಯಮ ಅಂಕಿ ಮೇಲಿದ್ರೆ ಮಿಬ್ ಕೆಟ್ಟರೂ ನಿಯಮ ಕೆಡಲ್ಲ. ಹೆಸರು ಗ್ರೇಲಾಗಿನ ಲುಕಪ್ ಟೇಬಲ್‌ನಲ್ಲಿ ಕೊಡಿ, ನಿಮಗೆ ಬೇಕಾಗಿರೋದು ಹತ್ತು ಹನ್ನೆರಡು ಅಂಕಿ ಅಷ್ಟೇ. ಅಲ್ಲೇ ವಿಳಾಸಕ್ಕೆ ಜಾಗದ ಹೆಸರನ್ನೂ ಹಾಕಿ. ರಾತ್ರಿ ಎರಡೂವರೆಗೆ 10.20.4.11 ಅಂತ ಓದೋದಕ್ಕೂ "ತೂಕದ ಮನೆ" ಅಂತ ಓದೋದಕ್ಕೂ ವ್ಯತ್ಯಾಸ ಇದೆ.

ಹಳೇರೂಟರ್ · ಶನಿವಾರ ಬೆಳಿಗ್ಗೆ 7:40

ಎಲ್ಲ ಸರಿ. ಈಗ ಒಂದು ಕೆಟ್ಟ ಸುದ್ದಿ. ನಿನ್ನೆ ಮೊನ್ನೆ ಇದೆಲ್ಲ ಸರಿಯಿದ್ದಿದ್ರೂ ಆ ರಾತ್ರಿ ನಿಮಗೆ ತೂಕದ ಮನೆ ಸ್ವಿಚ್ಚಿಂದ ಒಂದು ಟ್ರ್ಯಾಪೂ ಬರ್ತಿರ್ಲಿಲ್ಲ. ಕರೆಂಟ್ ಹೋದ ಸ್ವಿಚ್ಚು ತನ್ನ ಸಾವಿನ ಸುದ್ದಿ ತಾನೇ ಹೇಳೋಕಾಗುತ್ತಾ? ಟ್ರ್ಯಾಪ್ ಯುಡಿಪಿ ಬೇರೆ, ಮುಟ್ಟಿತಾ ಅಂತ ಕೇಳೋರಿಲ್ಲ. ಮೇಲಿನ ಲಿಂಕೇ ಬಿದ್ರೆ, ಬಿತ್ತು ಅಂತ ಹೇಳೋ ಟ್ರ್ಯಾಪ್ ಹೋಗಬೇಕಾದ್ದೂ ಅದೇ ಲಿಂಕಲ್ಲಿ.

ಹೇಳಬೇಕಾದ್ದು ಪಕ್ಕದ ಮನೆಯವರು. ಅಂದ್ರೆ ಕೋರ್ ಸ್ವಿಚ್ಚು (ಉಳಿದ ಸ್ವಿಚ್ಚೆಲ್ಲ ಬಂದು ಸೇರೋದು), ಅದರಲ್ಲಿ ತೂಕದ ಮನೆಗೆ ಹೋಗೋ ಪೋರ್ಟಿನ ಲಿಂಕ್‌ಡೌನ್. ಕೂಲಿ ಕೆಲಸ ಅಂದ್ಕೊಳ್ಳದೆ ಇವತ್ತೇ ಹೋಗಿ ಆ ಸ್ವಿಚ್ಚಿನ ಪ್ಲಗ್ ಕಿತ್ತು ನೋಡಿ. ಗಾಡಿ ಇಲ್ಲದ ಹೊತ್ತಲ್ಲಿ, ಗುಮಾಸ್ತರಿಗೆ ಹೇಳಿ.

ಆಲೆಮನೆ_ಅಡ್ಮಿನ್ · ಮಧ್ಯಾಹ್ನ 12:50

ಕಿತ್ತೆ ಸಾರ್. ಐದು ನಿಮಿಷ ಬಿಟ್ಟೆ. ಕೋರಿಂದ ಏನೂ ಬರ್ಲಿಲ್ಲ! ಹೋಗಿ ನೋಡಿದ್ರೆ ಕೋರ್ ಪೋರ್ಟಿನ ಹಸಿರು ದೀಪ ಆರಾಮಾಗಿ ಉರೀತಾ ಐತೆ. ಆ ಕಡೆ ಸ್ವಿಚ್ ಸತ್ತೈತೆ, ಈ ಕಡೆ ಲಿಂಕ್ ಇದೆ ಅಂತದೆ. ದೆವ್ವ ಗಿವ್ವ ಏನಾರ?

ಹಳೇರೂಟರ್ · ಮಧ್ಯಾಹ್ನ 12:58

ನಡುವೆ ಮೀಡಿಯಾ ಕನ್ವರ್ಟರ್ (ತಾಮ್ರದ ತಂತಿಯನ್ನ ಫೈಬರ್‌ಗೆ ಜೋಡಿಸೋ ಡಬ್ಬಿ) ಇದೆಯಾ?

ಆಲೆಮನೆ_ಅಡ್ಮಿನ್ · ಮಧ್ಯಾಹ್ನ 1:02

ಐತೆ. ಫೈಬರ್ ಎರಡೂ ಕಡೆ ಒಂದೊಂದು ಡಬ್ಬಿ.

ಹಳೇರೂಟರ್ · ಮಧ್ಯಾಹ್ನ 1:20

ಅದೇ ದೆವ್ವ. ಕೋರ್ ಸ್ವಿಚ್ಚಿಗೆ ಕಾಣೋದು ಪಕ್ಕದಲ್ಲಿರೋ ಡಬ್ಬಿಯ ತಾಮ್ರದ ಕಡೆ ಮಾತ್ರ. ಡಬ್ಬಿಗೆ ಕರೆಂಟ್ ಇರೋತನಕ ಅದು "ಲಿಂಕ್ ಇದೆ ಸ್ವಾಮಿ" ಅಂತಾನೇ ಹೇಳುತ್ತೆ, ಫೈಬರ್ ಆಚೆ ಬೆಂಕಿ ಬಿದ್ರೂ. ಕೆಲವು ಕನ್ವರ್ಟರ್‌ನಲ್ಲಿ ಹಿಂದೆ ಅಥವಾ ಪಕ್ಕದಲ್ಲಿ ಪುಟ್ಟ ಡಿಪ್ ಸ್ವಿಚ್ ಸಾಲು ಇರುತ್ತೆ, ಎಲ್‌ಎಫ್‌ಪಿ ಅಥವಾ ಎಲ್‌ಎಲ್‌ಎಫ್ ಅಂತ ಬರೆದಿರುತ್ತೆ. ಅದನ್ನ ಆನ್ ಮಾಡಿದ್ರೆ ಒಂದು ಕಡೆ ಬಿದ್ದದ್ದನ್ನ ಇನ್ನೊಂದು ಕಡೆಗೂ ಬೀಳಿಸುತ್ತೆ. ಎರಡೂ ಡಬ್ಬಿಯಲ್ಲಿ ಆನ್ ಇರಬೇಕು. ಇನ್ನೂ ಒಳ್ಳೇದು, ಎರಡೂ ಸ್ವಿಚ್ಚಲ್ಲಿ ಎಸ್‌ಎಫ್‌ಪಿ ಕಿಂಡಿ (ಫೈಬರ್ ಮಾಡ್ಯೂಲ್ ಚುಚ್ಚೋ ಜಾಗ) ಇದ್ರೆ ಡಬ್ಬಿ ಎಸೆದು ಫೈಬರ್ ನೇರ ಹಾಕಿ.

ಇಷ್ಟಾದ್ರೂ ಟ್ರ್ಯಾಪ್ ಒಂದನ್ನೇ ನಂಬಬೇಡಿ. ನಿಮಿಷಕ್ಕೊಂದು ಸಲ ಎಲ್ಲಾ 14ಕ್ಕೂ ಪಿಂಗ್ (ಇದ್ದೀಯಾ ಅಂತ ಕೇಳೋದು), ಮೂರು ಸಲ ಉತ್ತರ ಬರದಿದ್ರೆ ಕೂಗು. ಕಾಲು ಗಂಟೆಗೊಂದು ಪರೀಕ್ಷೆ ಟ್ರ್ಯಾಪನ್ನ ಬೇರೆ ಮಶಿನ್‌ನಿಂದ ಕಳಿಸಿ, ಅದು ಬರದೇ ಇದ್ರೂ ಎಚ್ಚರಿಕೆ ಬರೋ ಹಾಗೆ ಇಡಿ. ಮೂರು ತಿಂಗಳ ಖಾಲಿ ಫೈಲು ನೋಡಿ ಖುಷಿಪಟ್ಟಿದ್ದು ನೀವೊಬ್ಬರೇ ಅಲ್ಲ.

ಹೆಬ್ಬಾಳ್_ನೈಟ್‌ಶಿಫ್ಟ್ · ಮಧ್ಯಾಹ್ನ 2:10

ಕರೆಂಟ್ ವಾಪಸ್ ಬಂದಾಗ ಕೋಲ್ಡ್‌ಸ್ಟಾರ್ಟ್ ಟ್ರ್ಯಾಪ್ ಬರಬೇಕಲ್ವಾ, 5.1? ನಮ್ಮಲ್ಲಿ ಅರ್ಧಕ್ಕರ್ಧ ಬರಲ್ಲ.

ಲ್ಯಾಬ್‌ಮೇಡಂ · ಮಧ್ಯಾಹ್ನ 2:35

ಸ್ಪ್ಯಾನಿಂಗ್ ಟ್ರೀ (ಸ್ವಿಚ್ಚುಗಳ ನಡುವೆ ಸುತ್ತುದಾರಿ ಆಗದ ಹಾಗೆ ತಡೆಯೋ ವ್ಯವಸ್ಥೆ). ಹಳೇ ಬಗೆಯದಾದ್ರೆ ಪೋರ್ಟ್ 15 ಸೆಕೆಂಡ್ ಕೇಳಿಸ್ಕೊಂಡು, 15 ಸೆಕೆಂಡ್ ಕಲಿತು ಆಮೇಲೆ ದಾರಿ ಬಿಡುತ್ತೆ. ಸ್ವಿಚ್ಚು ಅಷ್ಟರೊಳಗೇ ಕೂಗಿ ಮುಗಿಸಿರುತ್ತೆ. ಇನ್‌ಫಾರ್ಮ್ ಇಟ್ರೆ ಉತ್ತರ ಬರೋವರೆಗೆ ಕೆಲವು ಸಲ ಮತ್ತೆ ಕಳಿಸುತ್ತೆ, ಮುಟ್ಟೋ ಸಂಭವ ಹೆಚ್ಚು.

ಮದ್ದೂರ್‌ವಡೆ · ಸೋಮವಾರ ಬೆಳಿಗ್ಗೆ 10:15

ನಾನೂ ಸುಮ್ಮನಿರದೆ ನಮ್ಮ ಆಫೀಸಲ್ಲಿ ಹಾಕಿದೆ. ಸಂಜೆ ಐದೂವರೆಗೆ ಎಲ್ರೂ ಪಿಸಿ ಆಫ್ ಮಾಡಿ ಮನೆಗೆ ಹೋದ್ರು, ಮೊಬೈಲಿಗೆ ಸಾಲಾಗಿ ಇಮೇಲು. ಬಾಸ್‌ಗೂ ಹೋಗಿದೆ. ಆಮೇಲೆ ಗುಡುಗು ಮಳೆಗೆ ಮತ್ತೊಂದು ಸುತ್ತು.

ಹಳೇರೂಟರ್ · ಬೆಳಿಗ್ಗೆ 10:40

ಜನ ಕೂರೋ ಪೋರ್ಟುಗಳಲ್ಲಿ ಲಿಂಕ್ ಟ್ರ್ಯಾಪನ್ನ ಸ್ವಿಚ್ಚಲ್ಲೇ ಆಫ್ ಮಾಡಿ, ಸ್ವಿಚ್‌ನಿಂದ ಸ್ವಿಚ್‌ಗೆ ಹೋಗೋ ಪೋರ್ಟಲ್ಲಿ ಮಾತ್ರ ಇರಲಿ. ಬಿದ್ದು 90 ಸೆಕೆಂಡ್‌ನಲ್ಲಿ ಎದ್ದರೆ ಲಾಗಲ್ಲಿ ಇರಲಿ, ಮೇಲ್ ಬೇಡ. ಬಾಸ್ ವಿಳಾಸ ಮೊದಲು ತೆಗೀರಿ.

ಆಲೆಮನೆ_ಅಡ್ಮಿನ್ · ಗುರುವಾರ ರಾತ್ರಿ 11:55

ಬಾಕಿ ವರದಿ ಒಪ್ಪಿಸ್ತೀನಿ. ತೂಕದ ಮನೆ ಸಾಕೆಟ್ಟು ಹೊಸದು ಹಾಕ್ಸಿದೆ. ಒಂದು ಡಬ್ಬಿಲಿ ಡಿಪ್ ಸ್ವಿಚ್ ಇತ್ತು, ಇನ್ನೊಂದ್ರಲ್ಲಿ ಇರ್ಲಿಲ್ಲ, ಹಂಗಾಗಿ ಎರಡೂ ಎತ್ತಿ ಬಿಸಾಕಿ ಎಸ್‌ಎಫ್‌ಪಿ ಹಾಕ್ದೆ. ಕೋರ್ ಸ್ವಿಚ್ಚು ಒಂದೊಂದು ಸಲ ಒಂದೊಂದು ವಿಳಾಸದಿಂದ ಕಳಿಸ್ತಿತ್ತು, ಅದಕ್ಕೆ ಟ್ರ್ಯಾಪ್-ಸೋರ್ಸ್ ಮ್ಯಾನೇಜ್‌ಮೆಂಟ್ ವಿಲ್ಯಾನ್ (ಸ್ವಿಚ್ಚು ನೋಡ್ಕೊಳ್ಳೋಕೆ ಇಟ್ಟ ಜಾಲ) ಅಂತ ಒಂದೇ ವಿಳಾಸಕ್ಕೆ ಕಟ್ಟಿ ಹಾಕ್ದೆ.

ಇವತ್ತು ಸಂಜೆ ಗಾಡಿ ಕಮ್ಮಿ ಇತ್ತು, ಗುಮಾಸ್ತರನ್ನೇ ಪ್ಲಗ್ ಕೀಳಕ್ಕೆ ಹೇಳಿ ನಾನು ಕ್ಯಾಂಟೀನಲ್ಲಿ ಕಾಫಿ ಹಿಡ್ಕೊಂಡು ಕೂತೆ. ಒಂದೂವರೆ ನಿಮಿಷಕ್ಕೆ ಮೊಬೈಲು ಗುರ್ ಅಂತು: "ತೂಕದ ಮನೆ – ಕೋರ್ ಪೋರ್ಟ್ 24 – ಲಿಂಕ್ ಬಿದ್ದಿದೆ". ಆಮೇಲೆ ಪಿಂಗ್‌ನದ್ದೂ ಬಂತು. ಅವರಿಗೆ ಫೋನ್ ಮಾಡಿ "ಸಾಕು, ಹಾಕಿ" ಅಂದ್ರೆ, "ಅಯ್ಯೋ ನಾನಿನ್ನೂ ನಿಮಗೆ ಹೇಳೇ ಇಲ್ಲ" ಅಂತಾರೆ.

ಯುಪಿಎಸ್ ಕಾರ್ಡಿನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಹಾಕಿದೋರು ಕೆಲಸ ಬಿಟ್ಟೋದ್ರು. ಅದನ್ನ ರಿಸೆಟ್ ಮಾಡಕ್ಕೋಗಿ ಕರೆಂಟ್ ಗಿರೆಂಟ್ ಕಟ್ ಆಗಲ್ಲ ತಾನೇ? ಯಾರಾರ ಮಾಡಿದ್ರೆ ಹೇಳಿ, ಭಾನುವಾರ ಮುಟ್ತೀನಿ.